ನೀರೇ ಬಂತೋ, ಅವಳೇ ಹೋದಳೋ

ವಾರ್ಷಿಕ ಪರೀಕ್ಷೆ ಮುಗಿದು ಫಲಿತಾಂಶ ಹೊರಬೀಳುವ ನಡುವಿನ ನಾಲ್ಕು ದಿನ ಮಕ್ಕಳನ್ನು ತರಗತಿಯಲ್ಲಿ ಕೂರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದಂತೆ. ಅಂಥ ದಿನಗಳಲ್ಲಿ ನಾನು ಕಥೆಯ ಮೊರೆ ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ‘ಹ್ಯಾಮ್ಲೆಟ್’ ನಾಟಕದ ಕಥೆ ಹೇಳಿದೆ. ಅಪ್ಪನ ಪ್ರೇತ, ಚಿಕ್ಕಪ್ಪನ ದ್ರೋಹ, ಹುಚ್ಚನ ವೇಷ, ಪರದೆಯ ಹಿಂದೆ ಅಡಗಿದ್ದ ಮುದುಕ ಮಂತ್ರಿ ಪೊಲೋನಿಯಸ್ಸನ ಕೊಲೆ, ಎಲ್ಲವನ್ನೂ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಮಂತ್ರೀನ ಕೊಂದಿದ್ದಕ್ಕೆ ಹ್ಯಾಮ್ಲೆಟ್‌ಗೆ ಜೈಲಾಗ್ಲಿಲ್ವಾ?” ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಅವನು ಹುಚ್ಚ ಅಲ್ವೇನೋ, ಹುಚ್ಚರಿಗೆ ಜೈಲಿಲ್ಲ” ಎಂದಳು.

“ಹುಚ್ಚಿನ ನಾಟಕ ಆಡ್ತಿದ್ದ ಅಂತ ಮೇಡಮ್ಮೇ ಹೇಳಿದ್ರಲ್ಲ!”

ಗಂಟೆ ಹೊಡೆಯಿತು, ಮಕ್ಕಳು ಓಡಿದರು. ನಾನು ಮಾತ್ರ ಕುರ್ಚಿಯಲ್ಲೇ ಕುಳಿತಿದ್ದೆ. ಲಾ ಕಾಲೇಜಿನಲ್ಲಿ ಒಂದು ವಾರ ಪಾಠ ಮಾಡುವ ವಿಷಯವನ್ನು ಆ ಇಬ್ಬರು ಮೂರು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. ನನಗೆ ಕುರ್ಚಿಯಿಂದ ಏಳಲಾಗದಿದ್ದುದಕ್ಕೆ ಬೇರೆ ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಅಂದು ರಾತ್ರಿ ಬಿ.ಎ.ಯಲ್ಲಿ ಓದಿದ್ದ, ಬೆನ್ನು ಬಿಚ್ಚಿದ ಹಳೆಯ ಪ್ರತಿಯನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಕಾಲೇಜಿನಲ್ಲಿ ಓದುವಾಗ ಹ್ಯಾಮ್ಲೆಟ್ ಏಕೆ ತಡಮಾಡಿದ ಎಂಬುದೊಂದೇ ಪ್ರಶ್ನೆ ನಮಗಿದ್ದದ್ದು. ಪರೀಕ್ಷೆಯಲ್ಲಿ ಬರುತ್ತಿದ್ದುದೂ ಅದೇ. ಈಗ ಆ ಹುಡುಗನ ಪ್ರಶ್ನೆ ಹಿಡಿದು ಓದಿದರೆ ನಾಟಕ ಬೇರೆಯಾಗಿಯೇ ಕಂಡಿತು. ಅದರ ಒಳಗೆ ಇಬ್ಬರು ಹುಚ್ಚರ ವಿಚಾರಣೆ ನಡೆಯುತ್ತಿದೆ. ಒಬ್ಬ ತಾನೇ ವಾದಿಸುತ್ತಾನೆ, ಇನ್ನೊಬ್ಬಳ ಪರವಾಗಿ ವಾದಿಸುವವರು ಯಾರೂ ಇಲ್ಲ.

ಹ್ಯಾಮ್ಲೆಟ್ಟನ ವಾದವನ್ನೇ ಮೊದಲು ನೋಡೋಣ. ಒಂದನೇ ಅಂಕದಲ್ಲೇ ಅವನು ಗೆಳೆಯರಿಗೆ ತಿಳಿಸಿಬಿಡುತ್ತಾನೆ: ಇನ್ನು ಮುಂದೆ ನಾನು ವಿಚಿತ್ರವಾಗಿ ಆಡಬಹುದು, ನೀವು ಗುಟ್ಟು ಬಿಡಬೇಡಿ ಎಂದು. ಮೂರನೇ ಅಂಕದಲ್ಲಿ ತಾಯಿಯ ಕೋಣೆಯಲ್ಲಿ ಪರದೆಯ ಹಿಂದೆ ಸದ್ದಾದಾಗ, ರಾಜನೇ ಇರಬೇಕೆಂದು ಕತ್ತಿ ತೂರುತ್ತಾನೆ, ಸತ್ತವನು ಮಂತ್ರಿ. ಹೆಣ ಅಲ್ಲೇ ಬಿದ್ದಿರುವಾಗ, ಇದೆಲ್ಲ ನಿನ್ನ ಬುದ್ಧಿಭ್ರಮಣೆ ಎಂದು ತಾಯಿ ಹೇಳಿದರೆ ಅವನು ಒಪ್ಪುವುದಿಲ್ಲ. ನನ್ನ ನಾಡಿ ನೋಡು, ನಿನ್ನ ನಾಡಿಯಷ್ಟೇ ಹದವಾಗಿ ಬಡಿಯುತ್ತಿದೆ ಎನ್ನುತ್ತಾನೆ. ಆಡಿದ ಮಾತನ್ನು ತಪ್ಪದೆ ಇನ್ನೊಮ್ಮೆ ಹೇಳುತ್ತೇನೆ, ಹುಚ್ಚರಿಗೆ ಅದು ಸಾಧ್ಯವೇ ಎಂದು ತನಗೆ ತಾನೇ ಪರೀಕ್ಷೆ ಒಡ್ಡಿಕೊಳ್ಳುತ್ತಾನೆ. ಆಮೇಲೆ ಸಮುದ್ರದ ಮೇಲೆ ಹೋಗುವಾಗ ರಾಜನ ಪತ್ರ ಬದಲಿಸಿ, ಅಪ್ಪನ ಮುದ್ರೆಯುಂಗುರವನ್ನೇ ಒತ್ತಿ, ಹಳೆಯ ಸಹಪಾಠಿಗಳಿಬ್ಬರನ್ನು ಸಾವಿಗೆ ಕಳಿಸುತ್ತಾನೆ. ಇದನ್ನೆಲ್ಲ ಮಾಡಿದವನು ಐದನೇ ಅಂಕದಲ್ಲಿ, ಸತ್ತ ಮಂತ್ರಿಯ ಮಗ ಲಯರ್ಟೀಸನ ಎದುರು, ರಾಜ ರಾಣಿಯರ ಸಮ್ಮುಖದಲ್ಲಿ ಏನೆನ್ನುತ್ತಾನೆ? ನಿನಗೆ ಅನ್ಯಾಯ ಮಾಡಿದ್ದು ಹ್ಯಾಮ್ಲೆಟ್ ಅಲ್ಲ, ಅವನ ಹುಚ್ಚು; ಆ ಹುಚ್ಚು ಹ್ಯಾಮ್ಲೆಟ್ಟನಿಗೂ ವೈರಿ; ಅವನೂ ಅನ್ಯಾಯಕ್ಕೊಳಗಾದವನೇ ಎಂದು.

ಇದಕ್ಕಿಂತ ಸೊಗಸಾದ ಚಿತ್ತವಿಕಲತೆಯ ವಾದವನ್ನು ಯಾವ ವಕೀಲರೂ ಮಂಡಿಸಲಾರರು. ಇದಕ್ಕಿಂತ ಸುಳ್ಳಾದದ್ದನ್ನೂ ಮಂಡಿಸಲಾರರು. ಡಾಕ್ಟರ್ ಜಾನ್ಸನ್ 1765ರಲ್ಲೇ ಈ ಜಾಗದಲ್ಲಿ ಮುಖ ಸಿಂಡರಿಸಿದ್ದರು. ವೀರನಾದವನು ಸುಳ್ಳಿನ ಮರೆಗೆ ಹೋಗಬಾರದಿತ್ತು, ಬೇರೆ ಏನಾದರೂ ಸಮಜಾಯಿಷಿ ಕೊಡಬೇಕಿತ್ತು ಎಂಬುದು ಅವರ ಅಭಿಪ್ರಾಯ. ಹ್ಯಾಮ್ಲೆಟ್ಟನಿಗೆ ನಿಜವಾಗಿಯೂ ಮನೋವ್ಯಾಧಿ ಇತ್ತು, ಅವನ ವಿಷಾದವೇ ಒಂದು ಕಾಯಿಲೆ ಎಂದು 1904ರಲ್ಲಿ ಬ್ರಾಡ್ಲಿಯವರು ಬರೆದರು. ಇರಬಹುದು. ದುಃಖ ಕಾಯಿಲೆಯಾಗುವುದನ್ನು ನಾನೂ ಕಂಡಿದ್ದೇನೆ. ಆದರೆ ಆ ಕಾಯಿಲೆಯ ಕಾರಣಕ್ಕೆ ತಾನು ಏನು ಮಾಡುತ್ತಿದ್ದೇನೆಂಬ ಅರಿವು ಅವನಿಗೆ ಒಂದು ಕ್ಷಣವಾದರೂ ತಪ್ಪಿತ್ತೆ? ತಾಯಿಯ ಕೋಣೆಯಲ್ಲಿ ಅವನೇ ಕೊಟ್ಟ ಸಾಕ್ಷ್ಯ ಅವನ ವಿರುದ್ಧವೇ ನಿಲ್ಲುತ್ತದೆ.

ಹೀಗೆ ಹೇಳುವಾಗ ನಾನು ಕಾನೂನಿನ ಭಾಷೆಯನ್ನೇ ಆಡುತ್ತಿದ್ದೇನೆಂದು ಗೊತ್ತು. ಆ ಭಾಷೆಗೂ ಒಂದು ಕಥೆಯಿದೆ, ಅದು ಈ ನಾಟಕಕ್ಕೆ ವಿಚಿತ್ರವಾಗಿ ಹೋಲುತ್ತದೆ. 1843ರ ಜನವರಿ 20ರಂದು ಲಂಡನ್ನಿನ ಬೀದಿಯಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸದವನು ಎಡ್ವರ್ಡ್ ಡ್ರಮಂಡ್ ಎಂಬವರಿಗೆ ಹಿಂದಿನಿಂದ ಗುಂಡು ಹೊಡೆದ. ಡ್ರಮಂಡ್ ಪ್ರಧಾನಿ ರಾಬರ್ಟ್ ಪೀಲರ ಕಾರ್ಯದರ್ಶಿ. ಕೊಂದವನು ಅವರನ್ನೇ ಪೀಲ್ ಎಂದು ತಿಳಿದಿದ್ದನೆಂದು ನಂಬಲಾಗಿದೆ. ಅಲ್ಲಿಯೂ ದೊರೆಗೆ ಗುರಿಯಿಟ್ಟು ಬಳಿಯಿದ್ದವನನ್ನು ಕೊಂದದ್ದೇ! ಆದರೆ ಮೆಕ್‌ನಾಟನ್ನನ ಹುಚ್ಚು ವೇಷವಾಗಿರಲಿಲ್ಲ. ಟೋರಿ ಪಕ್ಷದವರು ತನ್ನನ್ನು ಊರೂರಿಗೆ ಹಿಂಬಾಲಿಸಿ ಹಿಂಸಿಸುತ್ತಿದ್ದಾರೆ ಎಂಬ ಭ್ರಮೆ ಅವನನ್ನು ವರ್ಷಗಳಿಂದ ಕಾಡಿತ್ತು. ವೈದ್ಯರ ಸಾಕ್ಷ್ಯ ಕೇಳಿದ ಪಂಚರು ಅವನನ್ನು ನಿರ್ದೋಷಿಯೆಂದರು. ನಿರ್ದೋಷಿಯೆಂದ ಮಾತ್ರಕ್ಕೆ ಅವನು ಮನೆಗೇನೂ ಹೋಗಲಿಲ್ಲ. ಹುಚ್ಚಾಸ್ಪತ್ರೆಗೆ ಹೋಗಿ, 1865ರಲ್ಲಿ ಅಂಥದ್ದೇ ಇನ್ನೊಂದು ಆಸ್ಪತ್ರೆಯಲ್ಲಿ ಸತ್ತ.

ತೀರ್ಪು ಕೇಳಿ ದೇಶಕ್ಕೆ ದೇಶವೇ ಸಿಟ್ಟಾಯಿತು. 1840ರಲ್ಲಿ ತನ್ನ ಮೇಲೆಯೇ ಗುಂಡು ಹಾರಿಸಿದ್ದ ಒಬ್ಬ ಹುಡುಗ ಇದೇ ಕಾರಣಕ್ಕೆ ಶಿಕ್ಷೆ ತಪ್ಪಿಸಿಕೊಂಡಿದ್ದನ್ನು ಮರೆಯದ ವಿಕ್ಟೋರಿಯಾ ರಾಣಿಯೂ ಸಿಟ್ಟಾದಳು. ಲಾರ್ಡ್ಸ್ ಸಭೆ ನ್ಯಾಯಾಧೀಶರನ್ನು ಕರೆಸಿ ಐದು ಪ್ರಶ್ನೆ ಕೇಳಿತು. ಅವರ ಉತ್ತರವೇ ಮೆಕ್‌ನಾಟನ್ ಸೂತ್ರಗಳೆಂದು ಪ್ರಸಿದ್ಧವಾಯಿತು. ಅದರ ತಿರುಳು ಇಷ್ಟೇ: ಕಾಯಿಲೆ ಇತ್ತೇ ಎಂಬುದಲ್ಲ ಪ್ರಶ್ನೆ, ಮಾಡುವಾಗ ಏನು ಮಾಡುತ್ತಿದ್ದೇನೆಂದು ಗೊತ್ತಿತ್ತೇ, ಅದು ತಪ್ಪೆಂದು ಗೊತ್ತಿತ್ತೇ ಎಂಬುದೇ ಪ್ರಶ್ನೆ. ಈ ಸೂತ್ರದಿಂದ ಅಳೆದಿದ್ದರೆ ಮೆಕ್‌ನಾಟನ್ನನಿಗೇ ಬಿಡುಗಡೆ ಸಿಗುತ್ತಿರಲಿಲ್ಲವೇನೋ ಎಂದು ಕಾನೂನು ಬಲ್ಲವರು ಅನೇಕರು ಬರೆದಿದ್ದಾರೆ. ಹದಿನೇಳು ವರ್ಷಗಳ ನಂತರ, 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅದೇ ವಿಚಾರ 84ನೇ ಕಲಮಾಗಿ ನಮ್ಮ ದೇಶಕ್ಕೆ ಬಂತು. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮಿನ ಸಂಖ್ಯೆ 22 ಆಗಿದೆ, ಪ್ರಶ್ನೆ ಮಾತ್ರ ಅದೇ: ಗೊತ್ತಿತ್ತೇ? ಗೊತ್ತಿರಲಿಲ್ಲವೆಂದು ತೋರಿಸಿಕೊಡುವ ಹೊಣೆ ಆರೋಪಿಯದೇ.

ಹ್ಯಾಮ್ಲೆಟ್ಟನಂಥವರನ್ನು ನೆನೆದರೆ ಈ ಪ್ರಶ್ನೆ ಸರಿಯಾಗಿಯೇ ಇದೆ ಎನ್ನಿಸುತ್ತದೆ. ಬಾಯಿದ್ದವರೆಲ್ಲ ನನ್ನ ಕೈ ಕೊಂದಿತು, ನಾನು ಕೊಲ್ಲಲಿಲ್ಲ ಎನ್ನತೊಡಗಿದರೆ ಸತ್ತವರ ಗತಿ ಏನು? ಆದರೆ ನಾಟಕದಲ್ಲಿ ಇನ್ನೊಬ್ಬಳಿದ್ದಾಳೆ.

ಒಫೀಲಿಯ ನಿಜವಾಗಿ ಹುಚ್ಚಿಯಾದವಳು. ಅಪ್ಪನನ್ನು ಕೊಂದವನು ತಾನು ಪ್ರೀತಿಸಿದವನೇ ಎಂಬ ಸತ್ಯ ಅವಳ ತಲೆಯಲ್ಲಿ ಹಿಡಿಸದೆ ಹೋಯಿತು. ಅವಳು ಆಸ್ಥಾನಕ್ಕೆ ಬರುತ್ತಾಳೆ, ಹಾಡುತ್ತಾಳೆ, ಒಬ್ಬೊಬ್ಬರ ಕೈಗೂ ಒಂದೊಂದು ಹೂ, ಒಂದೊಂದು ಸೊಪ್ಪು ಕೊಡುತ್ತಾಳೆ. ಅವಳ ಮಾತಿಗೆ ಅರ್ಥವಿಲ್ಲ, ಆದರೆ ಕೇಳಿದವರು ತಮಗೆ ತೋಚಿದ ಅರ್ಥ ಹಚ್ಚಿಕೊಳ್ಳುತ್ತಿದ್ದಾರೆ ಎಂದು ಒಬ್ಬ ರಾಣಿಗೆ ಮೊದಲೇ ಬಂದು ತಿಳಿಸಿರುತ್ತಾನೆ. ಎಲ್ಲರೂ ಮರುಗುತ್ತಾರೆ. ಯಾರೂ ಹಿಡಿದು ಕೂರಿಸಿಕೊಳ್ಳುವುದಿಲ್ಲ. ಮುಂದೆ ಬರುವುದು ಅವಳು ಹಳ್ಳದಲ್ಲಿ ಮುಳುಗಿದ ಸುದ್ದಿ.

ನನ್ನನ್ನು ಕುರ್ಚಿಯಿಂದ ಏಳಗೊಡದ ಸಂಗತಿ ಇಲ್ಲಿಗೆ ಬಂದು ಸೇರುತ್ತದೆ.

1998ರಲ್ಲಿ ನಾವು ಒಂದು ತಾಲ್ಲೂಕು ಕೇಂದ್ರದಲ್ಲಿದ್ದೆವು. ನನಗಾಗ ಇಪ್ಪತ್ತೊಂಬತ್ತು. ನಮ್ಮ ಹಿತ್ತಲಿನ ಆಚೆಯ ವಠಾರದಲ್ಲಿ ಅಕ್ಕಿ ಗಿರಣಿಗೆ ಹೋಗುವವನ ಸಂಸಾರ. ಅವನ ಹೆಂಡತಿ ಬಾಣಂತನ ಮುಗಿಸಿಕೊಂಡು ಹೆಣ್ಣು ಮಗುವಿನೊಂದಿಗೆ ತವರಿನಿಂದ ಬಂದು ತಿಂಗಳಾಗಿತ್ತು. ಮೆದು ಮಾತಿನವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಒಂದು ಸಂಜೆ ಬೇಲಿಯ ಹತ್ತಿರ ನಿಂತು, “ರಾತ್ರಿಯೆಲ್ಲ ಮಗು ನನ್ನನ್ನೇ ನೋಡುತ್ತೆ ಅಕ್ಕಾ, ಕಣ್ಣೇ ಮುಚ್ಚಲ್ಲ” ಎಂದಳು. “ಮಕ್ಕಳು ಹಾಗೇ ಕಣೆ, ನೀನು ಹಗಲು ಒಂದಿಷ್ಟು ಮಲಗು” ಎಂದು ನಾನು ನಕ್ಕೆ. ಅವಳೂ ನಕ್ಕ ಹಾಗಾಯಿತು.

ಅದಾಗಿ ಕೆಲವು ದಿನ ಕಳೆದಿರಬಹುದು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅವಳು ಬಂದು, ಹಿಂದಿನ ವಾರ ಒಯ್ದಿದ್ದ ಸೇರನ್ನು ವಾಪಸು ಕೊಟ್ಟಳು. ಜೊತೆಗೆ ಒಂದು ಹಿತ್ತಾಳೆ ಲೋಟ. “ಇದು ನಮ್ಮದಲ್ಲ ಕಣೆ” ಎಂದೆ. “ನಿಮ್ಮದೇ ಅಕ್ಕಾ, ಎಲ್ಲಾ ನಿಮ್ಮದೇ” ಎಂದು ಹೊರಟುಹೋದಳು. ಸಂಜೆ ಬಂದು ಕೊಟ್ಟರಾಯಿತೆಂದು ಲೋಟವನ್ನು ಕಿಟಕಿಯ ಮೇಲಿಟ್ಟೆ. ಹನ್ನೊಂದು ಗಂಟೆಗೆ ಶಾಲೆಗೆ ಸುದ್ದಿ ಬಂತು. ಮಗುವನ್ನು ಎತ್ತಿಕೊಂಡು ತೋಪಿನ ಬಾವಿಗೆ ಹಾರಿದ್ದಳು. ಹಗ್ಗ ಬಿಟ್ಟು ಅವಳನ್ನು ಎತ್ತಿದರು. ಮಗು ಉಳಿಯಲಿಲ್ಲ.

ಮಗುವನ್ನು ಕೊಂದ ಕೊಲೆ, ತಾನು ಸಾಯಲು ಮಾಡಿದ ಪ್ರಯತ್ನ, ಎರಡೂ ಅವಳ ಮೇಲೆ ಬಂದವು. ಎರಡು ವರ್ಷದ ನಂತರ ಸೆಷನ್ಸ್ ಕೋರ್ಟಿನಿಂದ ನನಗೆ ಸಾಕ್ಷಿಯ ಸಮನ್ಸ್ ಬಂತು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಟೀಚರಮ್ಮ, ಹೆಚ್ಚು ಮಾತು ಬೇಡ ಎಂದು ಮೊದಲೇ ಹೇಳಿಕೊಟ್ಟಿದ್ದರು. ಮಕ್ಕಳಿಗೆ ನಾನು ಹೇಳುವುದೂ ಅದೇ ಅಲ್ಲವೆ: ಪ್ರಶ್ನೆಗೆ ತಕ್ಕಷ್ಟು ಉತ್ತರ ಬರೆಯಿರಿ ಎಂದು.

ಸರ್ಕಾರಿ ವಕೀಲರು ಕೇಳಿದರು: ಆ ದಿನ ಬೆಳಿಗ್ಗೆ ಆರೋಪಿ ನಿಮ್ಮೊಡನೆ ಮಾತನಾಡಿದರೆ? ಹೌದು. ನಿಮ್ಮನ್ನು ಗುರುತಿಸಿದರೆ? ಹೌದು, ಅಕ್ಕಾ ಎಂದಳು. ಎರವಲು ಒಯ್ದ ಸಾಮಾನನ್ನು ನೆನಪಿಟ್ಟು ವಾಪಸು ಕೊಟ್ಟರೆ? ಹೌದು, ಸೇರನ್ನು ಕೊಟ್ಟಳು. ಅವಳ ಪರವಾಗಿ ಸರ್ಕಾರವೇ ನೇಮಿಸಿದ್ದ ಹುಡುಗ ವಕೀಲರು ಪಾಟೀಸವಾಲಿನಲ್ಲಿ, ಅವರು ಮಂಕಾಗಿದ್ದರಲ್ಲವೇ ಎಂದರು. ಸ್ವಲ್ಪ ಎಂದೆ. ಅಷ್ಟಕ್ಕೆ ಕೂತುಬಿಟ್ಟರು. ಲೋಟದ ಮಾತನ್ನು ಯಾರೂ ಕೇಳಲಿಲ್ಲ. ಮಗು ಕಣ್ಣೇ ಮುಚ್ಚುವುದಿಲ್ಲ ಎಂದ ಮಾತನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಟಕಟೆಯಿಂದ ಇಳಿದು ಬಸ್ಸು ಹತ್ತಿದಾಗ ಸರಿಯಾಗಿ ಉತ್ತರ ಹೇಳಿದೆನೆಂಬ ಸಮಾಧಾನವೇ ನನಗಿತ್ತು.

ಅವಳಿಗೆ ಜೀವಾವಧಿಯಾಯಿತು. ಹಿಂದೆ ಯಾವ ವೈದ್ಯರಿಗೂ ತೋರಿಸಿದ ಚೀಟಿಯಿರಲಿಲ್ಲ. ಎರವಲು ತಂದದ್ದನ್ನು ಮರೆಯದೆ ಕೊಟ್ಟು, ಮನೆಯ ಬಾಗಿಲು ಹಾಕಿಕೊಂಡು, ಜನರಿಲ್ಲದ ಹೊತ್ತು ನೋಡಿ ಬಾವಿಗೆ ಹೋದವಳಿಗೆ ತಾನು ಮಾಡುವುದೇನೆಂದು ಗೊತ್ತಿತ್ತು ಎಂಬುದು ತೀರ್ಪಿನ ಸಾರ. ನ್ಯಾಯಾಧೀಶರನ್ನು ನಾನು ದೂರುವುದಿಲ್ಲ. ಎದುರಿಗಿದ್ದ ಸಾಕ್ಷ್ಯದಿಂದ ಅವರು ತೀರ್ಮಾನಿಸಬೇಕು; ಆ ಸಾಕ್ಷ್ಯದಲ್ಲಿ ನನ್ನ ಸೇರು ಇತ್ತು, ಅವಳ ಲೋಟ ಇರಲಿಲ್ಲ. ನಮ್ಮ ಸುಪ್ರೀಂ ಕೋರ್ಟು 1964ರಲ್ಲೇ, ಗುಜರಾತಿನಿಂದ ಬಂದ ಒಂದು ಮೊಕದ್ದಮೆಯಲ್ಲಿ, ಇಂಥ ಆರೋಪಿಯ ಮನಃಸ್ಥಿತಿಯನ್ನು ತಿಳಿಯಲು ಕೃತ್ಯಕ್ಕೆ ಮೊದಲು, ಕೃತ್ಯದ ಹೊತ್ತಿಗೆ, ಕೃತ್ಯದ ನಂತರ ಅವನು ನಡೆದುಕೊಂಡ ರೀತಿಯನ್ನೆಲ್ಲ ನೋಡಬೇಕೆಂದು ಹೇಳಿದೆ. ಪೂರ್ತಿ ಸಾಬೀತು ಮಾಡಲಾಗದಿದ್ದರೂ, ಉದ್ದೇಶವಿತ್ತೇ ಎಂಬ ಬಗ್ಗೆ ನ್ಯಾಯವಾದ ಸಂಶಯ ಹುಟ್ಟಿದರೆ ಸಾಕು ಎಂದೂ ಹೇಳಿದೆ. ಒಂದು ಲೋಟ ಅಷ್ಟು ಸಂಶಯ ಹುಟ್ಟಿಸುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಅದನ್ನು ಮೇಜಿನ ಮೇಲಿಡುವುದು ನನ್ನ ಕೆಲಸವಾಗಿತ್ತು.

ನಮ್ಮ ಅಜ್ಜಿಯರು ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಿದ್ದರು. ಬಾಣಂತಿಯನ್ನು ಒಬ್ಬಳೇ ಬಿಡಬೇಡಿ, ಬಾವಿಗೆ ಕಳಿಸಬೇಡಿ ಎಂಬ ಅವರ ಕಟ್ಟುಪಾಡುಗಳನ್ನು ಮೂಢನಂಬಿಕೆಯೆಂದು ತಳ್ಳಿದ ಪೀಳಿಗೆ ನಮ್ಮದು. ಇಂಗ್ಲೆಂಡಿನವರು ತಮ್ಮ ಸೂತ್ರ ಇಂಥ ತಾಯಂದಿರಿಗೆ ಒಗ್ಗುವುದಿಲ್ಲವೆಂದು ಕಂಡುಕೊಂಡು 1922ರಲ್ಲಿ ಬೇರೆಯೇ ಕಾನೂನು ಮಾಡಿದರು. 1938ರಲ್ಲಿ ಅದನ್ನು ವಿಸ್ತರಿಸಿ, ಹೆರಿಗೆಯ ಪರಿಣಾಮದಿಂದ ಮನಸ್ಸಿನ ಸಮತೋಲ ತಪ್ಪಿದ ತಾಯಿ ವರ್ಷ ತುಂಬದ ತನ್ನ ಮಗುವನ್ನು ಕೊಂದರೆ ಅದನ್ನು ಕೊಲೆಯೆಂದು ಎಣಿಸಬಾರದು ಎಂದರು. ಅವಳಿಗೆ ಗೊತ್ತಿತ್ತೇ ಎಂದು ಅಲ್ಲಿ ಕೇಳುವುದಿಲ್ಲ. ನಮಗೆ 1860ರದ್ದನ್ನು ಕೊಟ್ಟರು. 1922ರದ್ದನ್ನು ಅವರೂ ಕೊಡಲಿಲ್ಲ, ನಾವೂ ಮಾಡಿಕೊಳ್ಳಲಿಲ್ಲ. ಸಾಯಲು ಹೊರಟವರನ್ನು ಶಿಕ್ಷಿಸುವ ಕಲಮು ಮಾತ್ರ ಮೊದಲು 2017ರ ಮಾನಸಿಕ ಆರೋಗ್ಯ ಕಾಯಿದೆಯಿಂದ ಸಡಿಲವಾಗಿ, ಹೊಸ ಸಂಹಿತೆಯಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ.

ಈಗ ಐದನೇ ಅಂಕದ ಮಸಣಕ್ಕೆ ಬರೋಣ. ಕಾಲೇಜಿನಲ್ಲಿ ಇದನ್ನು ಹಾಸ್ಯದ ದೃಶ್ಯವೆಂದು ಓದಿಸಿದ್ದರು. ಇಬ್ಬರು ಗುಂಡಿ ತೋಡುವವರು ಒಫೀಲಿಯಳ ಗುಂಡಿ ತೋಡುತ್ತ ವಾದಿಸುತ್ತಾರೆ. ಮನುಷ್ಯ ನೀರಿನ ಬಳಿಗೆ ಹೋಗಿ ಮುಳುಗಿದರೆ ಅವನೇ ಹೋದಂತೆ, ನೀರೇ ಬಂದು ಮುಳುಗಿಸಿದರೆ ಅವನ ತಪ್ಪಿಲ್ಲ ಎಂಬ ಅವರ ಲಾಯರಿಗೆ ನಾವೆಲ್ಲ ನಕ್ಕಿದ್ದೆವು. ಇದು ಬರಿಯ ನಗೆಚಾಟಿಕೆಯಲ್ಲ. 1554ರಲ್ಲಿ ಸರ್ ಜೇಮ್ಸ್ ಹೇಲ್ಸ್ ಎಂಬ ನ್ಯಾಯಾಧೀಶರೇ ನದಿಗೆ ಬಿದ್ದು ಸತ್ತರು. ಆತ್ಮಹತ್ಯೆಯೆಂದು ತೀರ್ಮಾನವಾದದ್ದರಿಂದ ಅವರ ಆಸ್ತಿ ಅರಸೊತ್ತಿಗೆಗೆ ಸೇರಿತು. ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ತೀರ್ಮಾನವಾಗಿದ್ದರೆ ಉಳಿಯುತ್ತಿತ್ತು. ಅವರ ಹೆಂಡತಿ ಹಕ್ಕಿಗಾಗಿ ಹೂಡಿದ ಮೊಕದ್ದಮೆಯಲ್ಲಿ ವಕೀಲರು ಕೃತ್ಯವೆಂಬುದಕ್ಕೆ ಮೂರು ಭಾಗಗಳಿವೆ, ಯೋಚಿಸುವುದು, ನಿಶ್ಚಯಿಸುವುದು, ಮಾಡುವುದು ಎಂದು ಸೂಕ್ಷ್ಮವಾಗಿ ಬಿಡಿಸಿ ವಾದಿಸಿದರು. ಆಕೆ ಸೋತಳು. ಗುಂಡಿ ತೋಡುವವರು ಅಣಕಿಸುತ್ತಿರುವುದು ಈ ವಾದವನ್ನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಆ ಅಣಕವನ್ನು ಈಗ ಓದಿದರೆ ನನಗೆ ನಗು ಬರುವುದಿಲ್ಲ. ನೀರೇ ಬಂತೋ, ಅವಳೇ ಹೋದಳೋ ಎಂಬುದೇ ಅಲ್ಲವೇ ನಮ್ಮ ಕೋರ್ಟಿನಲ್ಲೂ ಕೇಳಿದ್ದು? ಸನ್ನಿ ಹಿಡಿದವಳ ಪಾಲಿಗೆ ನೀರೇ ಬರುತ್ತದೆ. ನೋಡುವವರಿಗೆ ಮಾತ್ರ ಅವಳು ತನ್ನ ಕಾಲಿನಿಂದ ನಡೆದುಹೋದದ್ದು ಕಾಣುತ್ತದೆ. ಸೇರನ್ನು ವಾಪಸು ಕೊಟ್ಟು ಹೋದದ್ದು ಕಾಣುತ್ತದೆ.

ಶೇಕ್ಸ್‌ಪಿಯರ್ ಇಲ್ಲಿ ಒಂದು ಕಹಿಯನ್ನು ಬಚ್ಚಿಟ್ಟಿದ್ದಾನೆ. ಒಫೀಲಿಯಳ ಸಾವು ಸಂಶಯಾಸ್ಪದವೆಂದು ಪಾದ್ರಿ ವಿಧಿಗಳನ್ನು ಮೊಟಕು ಮಾಡುತ್ತಾನೆ. ದೊಡ್ಡ ಮನೆಯವಳಾದ್ದರಿಂದ ಇಷ್ಟಾದರೂ ಸಿಕ್ಕಿತು ಎಂದು ಗುಂಡಿ ತೋಡುವವರೇ ಹೇಳುತ್ತಾರೆ. ಹುಚ್ಚನ್ನು ನಟಿಸಿ, ಕೊನೆಗೆ ಅದನ್ನೇ ಮುಂದೊಡ್ಡಿದ ಹ್ಯಾಮ್ಲೆಟ್ಟನ ಹೆಣವನ್ನಾದರೋ ನಾಲ್ವರು ದಳಪತಿಗಳು ಹೊರುತ್ತಾರೆ, ತೋಪು ಹಾರುತ್ತದೆ. ಮಾತು ಬಲ್ಲವನಿಗೆ ವೀರನ ಮರ್ಯಾದೆ. ಹೂ ಹಂಚಿ ಹೋದವಳಿಗೆ ಅರ್ಧ ಮಂತ್ರ. ನಾಟಕಕಾರ ಇದನ್ನು ಒಪ್ಪಿ ಬರೆದನೋ, ನಮಗೆ ಚುಚ್ಚಲೆಂದು ಬರೆದನೋ? ಗುಂಡಿ ತೋಡುವವರನ್ನು ಮೊದಲು ತಂದು ನಿಲ್ಲಿಸಿದ್ದನ್ನು ನೋಡಿದರೆ ಚುಚ್ಚಲೆಂದೇ ಎಂದು ನನ್ನ ನಂಬಿಕೆ. ಕುವೆಂಪು ಅವರು ಈ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದಾಗ, ನಾಟಕಕ್ಕೆ ಅರಸುಮಗನ ಹೆಸರನ್ನಿಡಲಿಲ್ಲ ಎಂಬುದೂ ಈ ಹೊತ್ತಿನಲ್ಲಿ ನೆನಪಾಗುತ್ತದೆ.

ಹಾಗಾದರೆ ಕಾನೂನಿನ ಪ್ರಶ್ನೆಯನ್ನೇ ಕಿತ್ತು ಹಾಕೋಣವೇ? ಬೇಡ. ಹ್ಯಾಮ್ಲೆಟ್ಟರಿಗೆ ಅದು ಬೇಕು. ಆದರೆ ಗೊತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಆರೋಪಿಯ ಬಾಯಿಂದ ಬರುವುದು ಅಪರೂಪ. ನಿಜವಾಗಿ ಗೊತ್ತಿಲ್ಲದವರಿಗೆ ಗೊತ್ತಿರಲಿಲ್ಲವೆಂದು ಹೇಳಲೂ ಗೊತ್ತಿರುವುದಿಲ್ಲ. ಉತ್ತರ ಬರಬೇಕಾದದ್ದು ಅಕ್ಕಪಕ್ಕದವರಿಂದ, ಗಂಡನಿಂದ, ನೆರೆಮನೆಯ ಟೀಚರಿಂದ. ನಾವೋ, ಅರ್ಥವಾದದ್ದನ್ನು ಮಾತ್ರ ಸಾಕ್ಷ್ಯವೆಂದು ತಿಳಿಯುತ್ತೇವೆ. ಅರ್ಥವಾಗದ್ದನ್ನು ಕಿಟಕಿಯ ಮೇಲಿಟ್ಟು ಮರೆಯುತ್ತೇವೆ. ಚಿತ್ತವಿಕಲತೆಯ ಮೊಕದ್ದಮೆಯಲ್ಲಿ ಅರ್ಥವಾಗದ್ದೇ ಸಾಕ್ಷ್ಯ ಎಂಬುದು ನನಗೆ ತಿಳಿಯುವಷ್ಟರಲ್ಲಿ ಅವಳು ಹದಿನಾಲ್ಕು ವರ್ಷ ಒಳಗಿದ್ದು ಬಂದಾಗಿತ್ತು.

2016ರಲ್ಲಿ ಅವಳ ಅಣ್ಣನ ಮನೆಗೆ ಹೋಗಿದ್ದೆ. ತಲೆ ನರೆತಿತ್ತು. ಹೂ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು, ಮಣೆ ಹಾಕಿ, ಕಾಫಿ ತಂದಳು. ಅಷ್ಟು ವರ್ಷ ನನ್ನ ಬಳಿಯೇ ಉಳಿದಿದ್ದ ಲೋಟವನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು.

“ಯಾರದು ಅಕ್ಕಾ ಇದು?”

“ನಿನ್ನದೇ. ಆವತ್ತು ಬೆಳಿಗ್ಗೆ ಸೇರಿನ ಜೊತೆ ತಂದು ಕೊಟ್ಟೆಯಲ್ಲ.”

“ನಾನಾ?” ಎಂದಳು. “ಆವತ್ತು ನಾನು ನಿಮ್ಮ ಮನೆಗೆ ಬಂದಿದ್ನಾ?”

ಜೂನಿನಲ್ಲಿ ಶಾಲೆ ಮತ್ತೆ ಶುರುವಾದಾಗ ಆ ಹುಡುಗ ಹತ್ತನೆಯ ತರಗತಿಗೆ ಬಂದಿದ್ದ. ಅವನನ್ನು ನಿಲ್ಲಿಸಿಕೊಂಡು ಉತ್ತರ ಹೇಳಿದೆ: ಹ್ಯಾಮ್ಲೆಟ್‌ಗೆ ಜೈಲಾಗಬೇಕಿತ್ತಪ್ಪಾ, ನೀನು ಕೇಳಿದ್ದು ಸರಿ. ಅವನು ಖುಷಿಯಿಂದ ಓಡಿಹೋದ. ಮುಂದಿನ ಸಾಲಿನ ಆ ಹುಡುಗಿಗೆ ಮಾತ್ರ ನಾನಿನ್ನೂ ಉತ್ತರ ಹೇಳಿಲ್ಲ. ಹುಚ್ಚರಿಗೆ ಜೈಲಿಲ್ಲ ಎಂದು ಅವಳು ಈಗಲೂ ನಂಬಿರಬಹುದು.